ಸಿಯೋಲ್‌ನಲ್ಲಿ ನಿಮ್ಮ ಏರಿಯಾದ ಹಳೇ ಜಾತಕ ಹುಡುಕೋದು ಹೇಗೆ: ಬೊಂಗ್‌ಚೊನ್-ದೊಂಗ್ ಇಟ್ಕೊಂಡು ಒಂದು ಗೈಡ್

ನಾನು ಸಿಯೋಲ್‌ಗೆ ಬಂದ ಹೊಸದ್ರಲ್ಲಿ ಬಾಡಿಗೆ ಹಿಡಿದ ರೂಮ್ ಗ್ವಾನಾಕ್-ಗು ಅನ್ನೋ ಕಡೆ, ಒಂದು ಕಡಿದಾದ ಏರು ರಸ್ತೇಲಿತ್ತು. ಅಗ್ರಿಮೆಂಟಲ್ಲಿ ಜಾಗದ ಹೆಸರು ಬೊಂಗ್‌ಚೊನ್-ದೊಂಗ್ ಅಂತ ಬರ್ದಿತ್ತು, ಕೊರಿಯರ್ ಅವ್ರು ಕೇಳೋ ಅಡ್ರೆಸ್ಸಲ್ಲಿ ಒಂದು ರಸ್ತೆ ಹೆಸರು ಮತ್ತೆ ನಂಬರ್ ಅಷ್ಟೇ, ಇನ್ನು ಏನೋ ಕಾಗದದ ಕೆಲ್ಸಕ್ಕೆ ಏರಿಯಾ ಆಫೀಸ್‌ಗೆ ಹೋಗ್ಬೇಕಾದಾಗ ಬೊಂಗ್‌ಚೊನ್-ದೊಂಗ್ ಆಫೀಸ್ ಅಂತ ಮ್ಯಾಪಲ್ಲಿ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ, ಯಾಕಂದ್ರೆ ಆ ಹೆಸರಿನ ಆಫೀಸೇ ಇಲ್ಲ, ನಂದು ಹೆಂಗ್‌ಉನ್-ದೊಂಗ್ ಅನ್ನೋ ಆಫೀಸ್‌ಗೆ ಬರತ್ತಂತೆ. ಇರೋದು ಒಂದು ರೂಮು, ಅದಕ್ಕೆ ಮೂರು ಹೆಸರು. ಅವತ್ತಿಂದ ಶುರುವಾದ ಹುಡುಕಾಟ ಇದು. ಈಗ ಯಾವ ದೊಂಗ್ ಹೆಸರು ಕೊಟ್ರೂ ಅದರ ಆಡಳಿತದ ಇತಿಹಾಸ ಹೇಗೆ ಹಿಂದಕ್ಕೆ ಹಿಡ್ಕೊಂಡು ಹೋಗ್ಬೇಕು ಅಂತ ಒಂದು ದಾರಿ ಕೈಗೆ ಹತ್ತಿದೆ. ಓದೋಕೆ ಬಂದಿರೋರು, ಇಲ್ಲೇ ಕೆಲ್ಸದಲ್ಲಿ ಇರೋರು, ಕೊರಿಯಾ ಬಗ್ಗೆ ಸುಮ್ನೆ ಆಸಕ್ತಿ ಇರೋರು, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಹೆಸರಿನ ಹಿಂದೆ ಹೋಗ್ಬೇಡಿ, ನೆಲದ ಹಿಂದೆ ಹೋಗಿ. ಇಲ್ಲಿ ಹೆಸರು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಹಾರತ್ತೆ, ಒಂದೇ ಹೆಸರು ಮೂರು ಕಡೆ ಇರತ್ತೆ, ಒಂದು ಹೆಸರು ಸತ್ತು ಇನ್ನೂರು ವರ್ಷ ಆದ್ಮೇಲೆ ಎದ್ದು ಬರತ್ತೆ. ಜಮೀನಿನ ನಂಬರ್ ಮಾತ್ರ ಅಷ್ಟು ಸುಲಭವಾಗಿ ಅಲ್ಲಾಡಲ್ಲ.

ಈಗ ಶಬ್ದಗಳು, ಇವು ಗೊತ್ತಿಲ್ದೆ ಮುಂದೆ ಹೋದ್ರೆ ಎಡವ್ತೀರ. ದೊಂಗ್ ಅಂದ್ರೆ ನಗರದೊಳಗಿನ ಬಡಾವಣೆ. ಅದರ ಮೇಲೆ ಗು, ಗು ಮೇಲೆ ಸಿಯೋಲ್ ನಗರ. ಹಳ್ಳಿ ಕಡೆ ಲೆಕ್ಕ ಬೇರೆ, ಅಲ್ಲಿ ಮೇಲಿಂದ ಕೆಳಕ್ಕೆ ದೊ ಅಂದ್ರೆ ಪ್ರಾಂತ್ಯ, ಗುನ್ ಅಂದ್ರೆ ಜಿಲ್ಲೆ ಥರ, ಮ್ಯೊನ್ ಅಂದ್ರೆ ನಮ್ಮ ಹೋಬಳಿ ಥರ ಅನ್ಕೊಳ್ಳಿ, ಕೊನೇಲಿ ರಿ ಅಂದ್ರೆ ಹಳ್ಳಿ. ಒಂದು ಹಳ್ಳಿ ನಗರಕ್ಕೆ ಸೇರಿದ್ರೆ ರಿ ಹೋಗಿ ದೊಂಗ್ ಆಗತ್ತೆ. ಹಾಗಾಗಿ ನಿಮ್ಮ ಏರಿಯಾ ಹಿಂದೆ ಯಾವಾಗ ರಿ ಆಗಿತ್ತು, ಯಾವ ತಾರೀಕು ದೊಂಗ್ ಆಯ್ತು ಅನ್ನೋದೇ ಅರ್ಧ ಕಥೆ.

ಇನ್ನರ್ಧ ಕಥೆ ಏನಂದ್ರೆ ದೊಂಗ್‌ನಲ್ಲೇ ಎರಡು ಜಾತಿ ಇದೆ. ಒಂದು ಬೊಪ್‌ಜೊಂಗ್-ದೊಂಗ್, ಕಾನೂನಿನ ದೊಂಗ್ ಅನ್ನಿ, ಜಮೀನು ದಾಖಲೆ, ರಿಜಿಸ್ಟ್ರೇಷನ್, ನಕ್ಷೆ ಎಲ್ಲಾ ಇದರ ಹೆಸರಲ್ಲಿ. ಇನ್ನೊಂದು ಹೆಂಗ್‌ಜೊಂಗ್-ದೊಂಗ್, ಆಡಳಿತದ ದೊಂಗ್, ಆಫೀಸ್ ಇರೋದು, ಜನರ ಲೆಕ್ಕ ಇಡೋದು, ಸರ್ಟಿಫಿಕೇಟ್ ಕೊಡೋದು ಇದು. ನಮ್ಮೂರಲ್ಲಿ ಸರ್ವೆ ನಂಬರ್ ಇನ್ನೂ ಹಳೇ ಹಳ್ಳಿ ಹೆಸರಲ್ಲೇ ಇರತ್ತೆ, ಮೇಲೆ ವಾರ್ಡ್ ಮಾತ್ರ ಎಲೆಕ್ಷನ್‌ಗೊಂದ್ಸಲ ಅಳಿಸಿ ಬರೀತಾರಲ್ಲ, ಹೆಚ್ಚುಕಡಿಮೆ ಆ ಥರ. ಸಿಯೋಲ್‌ನಲ್ಲಿ ಈ ಎರಡನೇ ಜಾತಿ ಶುರುವಾಗಿದ್ದು 1955ರಲ್ಲಿ. ಕಾರಣ ಸರಳ: ಕಾನೂನಿನ ದೊಂಗ್‌ಗಳು ಹಳೇ ಹಳ್ಳಿ, ಹಳೇ ಗಲ್ಲಿಗಳ ಅಳತೇಲಿದ್ವು, ಒಂದರಲ್ಲಿ ನಾಲ್ಕು ಮನೆ ಇನ್ನೊಂದರಲ್ಲಿ ಸಾವಿರಾರು ಮನೆ, ಅದನ್ನ ಒಡೆಯೋಕೆ ಹೋದ್ರೆ ಇಡೀ ಜಮೀನು ದಾಖಲೆ ತಿದ್ದಬೇಕು, ಅದು ಬೇಡ ಅಂತ ನೆಲದ ದೊಂಗ್ ಹಾಗೇ ಬಿಟ್ಟು ಅದರ ಮೇಲೆ ಜನರ ದೊಂಗ್ ಅಂತ ಇನ್ನೊಂದು ಪದರ ಹೊದಿಸಿದ್ರು.

ಈ ಪದರ ಎರಡು ದಿಕ್ಕಲ್ಲೂ ಆಟ ಆಡತ್ತೆ. ಕೋಟೆ ಒಳಗಿನ ಹಳೇ ಊರು ಜೊಂಗ್‌ನೊ-ಗುನಲ್ಲಿ ಕಾನೂನಿನ ದೊಂಗ್ 87, ಆಡಳಿತದ ದೊಂಗ್ ಬರೀ 17, ಅಂದ್ರೆ ಹತ್ತಾರು ಪುಟ್ಟ ಪುಟ್ಟ ಹಳೇ ಗಲ್ಲಿ ಹೆಸರುಗಳು ಒಂದೊಂದು ಆಫೀಸ್ ಕೆಳಗೆ. ನಮ್ಮ ಗ್ವಾನಾಕ್-ಗುನಲ್ಲಿ ಪೂರ್ತಿ ಉಲ್ಟಾ. ಕಾನೂನಿನ ದೊಂಗ್ ಬರೀ 3, ಬೊಂಗ್‌ಚೊನ್, ಶಿಲ್ಲಿಮ್, ನಾಮ್‌ಹ್ಯೊನ್, ಆದ್ರೆ ಆಡಳಿತದ ದೊಂಗ್ 21. ಈ ಎರಡು ಲೆಕ್ಕ ಮೊದಲೇ ನೋಡ್ಕೊಂಡ್ರೆ ನಿಮ್ಮ ಏರಿಯಾ ಹಳೇ ಪಟ್ಟಣದ್ದಾ ಅಥವಾ ಹೊಲ ಗದ್ದೆ ಗುಡ್ಡ ಆಗಿದ್ದು ಆಮೇಲೆ ಜನ ತುಂಬ್ಕೊಂಡಿದ್ದಾ ಅಂತ ಒಂದೇ ನಿಮಿಷದಲ್ಲಿ ಅಂದಾಜು ಸಿಗತ್ತೆ.

ಸರಿ, ಕೆಲ್ಸಕ್ಕೆ ಇಳಿಯೋಣ.

ನಿಮ್ಮ ಕಟ್ಟಡದ ಜಿಬೊನ್ ಹುಡುಕಿ. ಜಿಬೊನ್ ಅಂದ್ರೆ ಜಮೀನಿನ ನಂಬರ್. ನಾವರ್ ಮ್ಯಾಪ್ ಅಥವಾ ಕಕಾವೊ ಮ್ಯಾಪ್ ತೆಗ್ದು ಕಟ್ಟಡದ ಮೇಲೆ ಒತ್ತಿದ್ರೆ ರಸ್ತೆ ಹೆಸರಿನ ಅಡ್ರೆಸ್ ಜೊತೆ ಜಿಬೊನ್ ಅಡ್ರೆಸ್ ಕೂಡ ತೋರಿಸತ್ತೆ. ರಸ್ತೆ ಅಡ್ರೆಸ್ ಈ ಕೆಲ್ಸಕ್ಕೆ ಬರಲ್ಲ. ಅದು ತೀರಾ ಹೊಸದು, 2011ರಲ್ಲಿ ದೇಶ ಪೂರ್ತಿ ಪ್ರಕಟಿಸಿ 2014ರ ಜನವರಿ 1ರಿಂದ ಕಡ್ಡಾಯ ಮಾಡಿದ್ದು. ಮನೆ ಹುಡುಕೋಕೆ ಅದು ತುಂಬಾ ಚೆನ್ನಾಗಿದೆ, ರಸ್ತೆ ಶುರುವಾದಲ್ಲಿಂದ 20 ಮೀಟರ್‌ಗೆ ಒಂದು ನಂಬರ್, ಎಡಕ್ಕೆ ಬೆಸ ಬಲಕ್ಕೆ ಸಮ, ಕತ್ತಲಲ್ಲೂ ಮನೆ ಸಿಗತ್ತೆ, ಆದ್ರೆ ಅದಕ್ಕೆ ಹಿಂದಿನ ನೆನಪಿಲ್ಲ.

ಜಿಬೊನ್‌ಗೆ ಇದೆ. ಜಪಾನಿನವರ ಆಳ್ವಿಕೇಲಿ 1910ರಿಂದ 1918ರವರೆಗೆ ಇಡೀ ಕೊರಿಯಾದ ಜಮೀನು ಅಳೆದು ಊರೂರಿಗೆ ನಂಬರ್ ಕೊಟ್ರು, ಇವತ್ತಿನ ನಂಬರ್‌ಗಳ ಬೇರು ಅಲ್ಲಿದೆ. ನಂಬರ್ ಓದೋದು ಕಲ್ತ್ಕೊಳ್ಳಿ. ಅಡ್ಡಗೆರೆ ಇಲ್ದೆ ಒಂಟಿ ನಂಬರ್ ಇದ್ರೆ ಅದು ಒಡೀದೆ ಉಳಿದ ತುಂಡು ಇರಬಹುದು. ಗೆರೆ ಹಾಕಿ ಮುಂದೆ ಇನ್ನೊಂದು ನಂಬರ್ ಇದ್ರೆ ಮೂಲ ಜಮೀನನ್ನ ಆಮೇಲೆ ಭಾಗ ಮಾಡಿದ್ದು, ಆ ಎರಡನೇ ನಂಬರ್ ದೊಡ್ಡದಾದಷ್ಟೂ ಆ ಹೊಲ ತುಂಬಾ ಸಲ ಸೈಟ್ ಸೈಟಾಗಿ ಒಡೆದಿದೆ ಅಂತ. ನಂಬರ್‌ಗಿಂತ ಮೊದಲು 'ಸಾನ್' ಅಂತ ಇದ್ರೆ ಅದು ಗುಡ್ಡ, ಕಾಡು ಜಮೀನು, ಅದಕ್ಕೆ ಬೇರೇನೇ ಪುಸ್ತಕ ಬೇರೇನೇ ನಕ್ಷೆ. ಬೊಂಗ್‌ಚೊನ್‌ನಲ್ಲಿ ಹಳಬರ ಬಾಯಲ್ಲಿ ಈ ಸಾನ್ ನಂಬರ್‌ಗಳು ಇನ್ನೂ ಇವೆ, ಯಾಕೆ ಅಂತ ಮುಂದೆ ಬರತ್ತೆ.

ಜಿಬೊನ್ ಸಿಕ್ತು ಅಂದ್ರೆ ಅದರ ಜೊತೆ ಕಾನೂನಿನ ದೊಂಗ್ ಹೆಸರು ತಾನಾಗೇ ಸಿಗತ್ತೆ. ಅದಕ್ಕೊಂದು ಹತ್ತು ಅಂಕಿ ಕೋಡ್ ಇದೆ, ಅದನ್ನೂ ಬರೆದಿಟ್ಕೊಳ್ಳಿ. ಬೊಂಗ್‌ಚೊನ್‌ದು 1162010100. ಮೊದಲ ಎರಡಂಕಿ 11 ಅಂದ್ರೆ ಸಿಯೋಲ್, ಆಮೇಲಿನ 620 ಗ್ವಾನಾಕ್-ಗು, 101 ಬೊಂಗ್‌ಚೊನ್, ಕೊನೇ ಎರಡು ಸೊನ್ನೆ ರಿಗೆ ಮೀಸಲು, ನಗರದಲ್ಲಿ ರಿ ಇಲ್ವಲ್ಲ ಅದಕ್ಕೆ ಸೊನ್ನೆ. ಸರ್ಕಾರಿ ಡೇಟಾ ಹುಡುಕುವಾಗ ಹೆಸರಿಗಿಂತ ಈ ಕೋಡ್ ನಂಬಿಕಸ್ತ, ಒಂದೇ ಹೆಸರಿನ ಎರಡು ದೊಂಗ್ ಕಲಸಿ ಹೋಗಲ್ಲ.

ಆಮೇಲೆ ಒಂದು ನೋಟ್‌ಬುಕ್ ತಗೊಂಡು ಮೂರು ಕಾಲಂ ಹಾಕಿ. ವರ್ಷ, ಏನು ಬದಲಾಯ್ತು, ಯಾವ ಕಾಗದದಲ್ಲಿ ನೋಡ್ದೆ. ಮಧ್ಯದ ಕಾಲಂನಲ್ಲಿ ಬರೀವಾಗ ಮೂರು ಥರದ ಬದಲಾವಣೆ ಬೇರೆ ಬೇರೆ ಗುರುತು ಹಾಕ್ಬೇಕು: ಮೇಲಿನ ಯಜಮಾನ ಬದಲಾಗಿದ್ದಾ, ಗಡಿ ಬದಲಾಗಿದ್ದಾ, ಹೆಸರು ಮಾತ್ರ ಬದಲಾಗಿದ್ದಾ. ನಾನು ಶುರುವಲ್ಲಿ ಇದನ್ನ ಬೇರೆ ಮಾಡ್ದೆ ಎಲ್ಲಾ ಒಂದೇ ಲೈನಲ್ಲಿ ಬರೆದು ಎರಡು ತಿಂಗಳ ಟಿಪ್ಪಣಿ ಮತ್ತೆ ಮೊದಲಿಂದ ಬರೀಬೇಕಾಯ್ತು, ನೀವು ಹಾಗೆ ಮಾಡ್ಬೇಡಿ.

ಈಗ ಸಿಯೋಲ್‌ನ ದೊಡ್ಡ ತಾರೀಕುಗಳು ಗೊತ್ತಿದ್ರೆ ನಿಮ್ಮ ಏರಿಯಾ ಎಲ್ಲೆಲ್ಲಿ ಅಲ್ಲಾಡಿರಬಹುದು ಅಂತ ಮೊದಲೇ ಊಹೆ ಮಾಡಬಹುದು. 1394ರಲ್ಲಿ ಚೊಸೊನ್ ರಾಜವಂಶದವರು ರಾಜಧಾನಿನ ಹಾನ್ಯಾಂಗ್‌ಗೆ, ಅಂದ್ರೆ ಇವತ್ತಿನ ಸಿಯೋಲ್‌ಗೆ ತಂದ್ರು, ಊರನ್ನ ಐದು ಬು, ಅದರೊಳಗೆ 52 ಬಾಂಗ್ ಅಂತ ಹಂಚಿದ್ರು, ನಿಮ್ಮ ಏರಿಯಾ ಕೋಟೆ ಒಳಗಿದ್ರೆ ಹಳೇ ಕಾಗದದಲ್ಲಿ ಬು ಮತ್ತೆ ಬಾಂಗ್ ಹೆಸರು ಸಿಗತ್ತೆ. ಕೋಟೆಯಿಂದ ಸುಮಾರು ಹತ್ತು ರಿ ದೂರದವರೆಗೂ ರಾಜಧಾನಿಯ ಹಿಡಿತ ಇತ್ತು (ಇಲ್ಲಿ ರಿ ಅಂದ್ರೆ ದೂರದ ಅಳತೆ, ಹಳ್ಳಿ ಅಲ್ಲ, ಎರಡನ್ನೂ ಕಲಸ್ಬೇಡಿ). 1895ರಲ್ಲಿ ದೇಶನ 23 ಬು (ಈ ಬು ದೊಡ್ಡ ಸೀಮೆ, ಊರೊಳಗಿನ ಬು ಬೇರೆ) ಅಂತ ಒಡೆದು ಮರುವರ್ಷಾನೇ ಅದನ್ನ ಬಿಟ್ಟು 13 ಪ್ರಾಂತ್ಯ ಮಾಡಿದ್ರು. ಹಾಗಾಗಿ 1895ರ ಒಂದು ವರ್ಷದ ಕಾಗದದಲ್ಲಿ ನಿಮ್ಮ ಊರು ಯಾವುದೋ ದೂರದ ಹೆಸರಿನ ಕೆಳಗೆ ಕಂಡ್ರೆ ಗಾಬರಿ ಆಗ್ಬೇಡಿ, ಬೊಂಗ್‌ಚೊನ್ ಇರೋ ಶಿಹುಂಗ್ ಸೀಮೆ ಆಗ ಇಂಚೊನ್ ಕೆಳಗಿತ್ತು.

1910ರಲ್ಲಿ ಜಪಾನ್ ದೇಶನೇ ನುಂಗ್ತು, ರಾಜಧಾನಿ ಹೆಸರು ಗ್ಯೊಂಗ್‌ಸೊಂಗ್ ಆಯ್ತು, ಅದನ್ನ ಗ್ಯೊಂಗ್‌ಗಿ ಪ್ರಾಂತ್ಯದ ಕೆಳಗಿನ ಒಂದು ಊರಾಗಿ ಇಳಿಸಿದ್ರು. ಆಮೇಲೆ 1914. ಈ ವರ್ಷನ ದಪ್ಪ ಅಕ್ಷರದಲ್ಲಿ ಬರ್ಕೊಳ್ಳಿ, ಕೊರಿಯಾದ ಯಾವ ಊರಿನ ಇತಿಹಾಸ ತೆಗೆದ್ರೂ ಇದು ಅಡ್ಡ ಬಂದೇ ಬರತ್ತೆ. ಆ ವರ್ಷ ದೇಶ ಪೂರ್ತಿ ಗುನ್, ಮ್ಯೊನ್, ಹಳ್ಳಿಗಳನ್ನ ಕೂಡಿಸಿ ಕಡಿಮೆ ಮಾಡಿದ್ರು, ಎರಡು ಮೂರು ಊರು ಸೇರಿಸಿ ಒಂದೊಂದರ ಒಂದು ಅಕ್ಷರ ಕಿತ್ತು ಹೊಸ ಹೆಸರು ಕಟ್ಟಿದ್ರು. ಟೂರಿಸ್ಟ್‌ಗಳು ಹೋಗೋ ಇನ್ಸಾ-ದೊಂಗ್ ಇದ್ಯಲ್ಲ, ಅದರಲ್ಲಿ 'ಇನ್' ಬಂದಿದ್ದು ಗ್ವಾನಿನ್-ಬಾಂಗ್ ಅನ್ನೋದ್ರಿಂದ, 'ಸಾ' ಬಂದಿದ್ದು ದೆಸಾ-ದೊಂಗ್‌ನಿಂದ. ಗಾಂಗ್‌ನಾಮ್‌ನ ಸಾಮ್‌ಸೊಂಗ್-ದೊಂಗ್ ಅಂದ್ರೆ ಮೂರು ಸೇರಿ ಆಗಿದ್ದು ಅಂತ, ನಿಜವಾಗ್ಲೂ ಮೂರು ಹಳ್ಳಿ ಸೇರಿಸಿದ್ದು. ಹಾಗಾಗಿ ನಿಮ್ಮ ದೊಂಗ್ ಹೆಸರಿನ ಅರ್ಥ ಒಟ್ಟಿಗೆ ಓದಿದ್ರೆ ಏನೂ ಹೊಂದ್ತಾ ಇಲ್ಲ ಅಂದ್ರೆ ಎರಡು ತುಂಡು ಮಾಡಿ ನೋಡಿ, ಒಂದೊಂದು ತುಂಡೂ ಒಂದು ಸತ್ತ ಹಳ್ಳಿ ಇರಬಹುದು. ನನಗೆ ಇದರಲ್ಲಿ ತುಂಬಾ ಸಂಕಟ ಆಗತ್ತೆ, ನೂರಾರು ವರ್ಷ ಜನ ಕರೆದ ಹೆಸರು ಅರ್ಧ ಅಕ್ಷರ ಮಾತ್ರ ಉಳಿದು ಬಾಕಿ ಹೋಯ್ತು.

1936ರ ಏಪ್ರಿಲ್ 1ರಂದು ಗ್ಯೊಂಗ್‌ಸೊಂಗ್ ಸುತ್ತಲ ಹಳ್ಳಿಗಳನ್ನ ನುಂಗಿ ದೊಡ್ಡದಾಯ್ತು, ಊರೊಳಗಿನ ದೊಂಗ್ ಎಲ್ಲಾ ಜಪಾನಿ ಪದ್ಧತಿಯ ಜೊಂಗ್ ಅಂತ ಆಯ್ತು. ಗು ಅನ್ನೋದು ಬಂದಿದ್ದು 1943ರಲ್ಲಿ. ಸ್ವಾತಂತ್ರ್ಯ ಬಂದು 1946ರ ಅಕ್ಟೋಬರ್ 1ಕ್ಕೆ ಆ ಜಪಾನಿ ಹೆಸರುಗಳನ್ನ ತೆಗೆದ್ರು, ಜೊಂಗ್ ಇದ್ದಿದ್ದು ದೊಂಗ್ ಆಯ್ತು, ಜಪಾನಿಯರ ಮುಖ್ಯ ಅಂಗಡಿ ಬೀದಿ ಬೊನ್‌ಜೊಂಗ್‌ಗೆ ಜಪಾನಿನ ನೌಕಾಪಡೆ ಸೋಲಿಸಿದ ಯಿ ಸುನ್-ಶಿನ್ ಅವರ ಬಿರುದಿನ ಮೇಲೆ ಚುಂಗ್‌ಮುರೊ ಅಂತ ಹೆಸರಿಟ್ರು, ಗ್ವಾಂಗ್‌ಹ್ವಾಮುನ್ ಬೀದಿಗೆ ಕೊರಿಯನ್ ಲಿಪಿ ಕೊಟ್ಟ ಸೆಜೊಂಗ್ ರಾಜರ ಹೆಸರು. ಯೋಚ್ನೆ ಮಾಡಿ ಆರಿಸಿದ ಹೆಸರುಗಳು ಅವು. 1949ರಲ್ಲಿ ಮತ್ತೊಂದು ವಿಸ್ತರಣೆ, 1963ರ ಜನವರಿ 1ಕ್ಕೆ ಎಲ್ಲಕ್ಕಿಂತ ದೊಡ್ಡದು, ಒಂದೇ ದಿನದಲ್ಲಿ ಸಿಯೋಲ್ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು. ಇವತ್ತಿನ ಗಾಂಗ್‌ನಾಮ್ ಇರೋ ಜಾಗ ಸಿಯೋಲ್‌ಗೆ ಸೇರಿದ್ದೂ ಅವತ್ತೇ, ಅಲ್ಲಿವರೆಗೂ ಅದು ಗ್ವಾಂಗ್‌ಜು-ಗುನ್‌ನ ತರಕಾರಿ ತೋಟ, ಹಣ್ಣಿನ ತೋಟ. ಆಮೇಲೆ ಗುಗಳು ಹಿಸ್ಸೆ ಆಗ್ತಾ ಹೋದ್ವು, 1973, 1975, 1977, 1979, 1980, 1988, ಕೊನೇದು 1995, ಅಲ್ಲಿಗೆ 25 ಗು.

ಇಷ್ಟು ಗೊತ್ತಿದ್ರೆ ಬೊಂಗ್‌ಚೊನ್‌ದು ಬರೀಬಹುದು. ಚೊಸೊನ್ ಕಾಲದಲ್ಲಿ ಇದು ರಾಜಧಾನಿ ಅಲ್ಲವೇ ಅಲ್ಲ, ಹಾನ್ ನದಿ ದಕ್ಷಿಣಕ್ಕೆ ಗ್ವಾನಾಕ್ ಬೆಟ್ಟದ ಬುಡದ ಹಳ್ಳಿ, ಗುಮ್‌ಚೊನ್ ಅನ್ನೋ ಸೀಮೆಗೆ ಸೇರಿದ್ದು. 1795ರಲ್ಲಿ ಜೊಂಗ್‌ಜೊ ರಾಜರ ಕಾಲದಲ್ಲಿ ಗುಮ್‌ಚೊನ್ ಹೆಸರು ಶಿಹುಂಗ್ ಆಯ್ತು. ಶಿಹುಂಗ್‌ನ ದೊಂಗ್-ಮ್ಯೊನ್, ಅದರೊಳಗೆ ಬೊಂಗ್‌ಚೊನ್-ರಿ. (ದೊಂಗ್-ಮ್ಯೊನ್ ಅಲ್ಲಿರೋ ದೊಂಗ್ ಅಂದ್ರೆ ಪೂರ್ವ ದಿಕ್ಕು, ಬಡಾವಣೆ ದೊಂಗ್ ಬೇರೆ, ಚೀನಿ ಅಕ್ಷರದಲ್ಲಿ ಬರೆದ್ರೆ ಎರಡೂ ಬೇರೆ ಬೇರೆ.) 1936ರ ವಿಸ್ತರಣೇಲಿ ಉತ್ತರಕ್ಕಿರೋ ನೊರ್ಯಾಂಗ್‌ಜಿನ್ ನಗರಕ್ಕೆ ಸೇರಿ ಜೊಂಗ್ ಅನ್ನೋ ಬಾಲ ಹಚ್ಕೊಳ್ತು, ಗುಡ್ಡದ ಈಚೆಗಿನ ಬೊಂಗ್‌ಚೊನ್ ಹೊರಗೇ ಉಳೀತು, ಹಾಗಾಗಿ ಇದಕ್ಕೆ ಆ ಜಪಾನಿ ಬಾಲ ಯಾವತ್ತೂ ಅಂಟಲಿಲ್ಲ. ನಿಮ್ಮ ಏರಿಯಾದ ಹೆಸರು 1946ರಲ್ಲಿ ಬದಲಾಗಿದೆಯಾ ಇಲ್ವಾ ಅಂತ ನೋಡಿದ್ರೆ ಅದು ಆಗಲೇ ಊರೊಳಗಿತ್ತಾ ಅಂತ ಗೊತ್ತಾಗೋದು ಹೀಗೆ. 1963ರಲ್ಲಿ ರಿ ಹೋಗಿ ದೊಂಗ್, ಯೊಂಗ್‌ದುಂಗ್‌ಪೊ-ಗು ಕೆಳಗೆ. 1973ರ ಜುಲೈ 1ಕ್ಕೆ ಗ್ವಾನಾಕ್-ಗು ಬೇರೆ ಆಯ್ತು, ಬೊಂಗ್‌ಚೊನ್ ಅದರೊಳಗೆ.

ಇಲ್ಲಿಂದಾಚೆ ಕಥೆ ನೆಲದ್ದಲ್ಲ, ಜನರದ್ದು. ಅರವತ್ತರ ದಶಕದಲ್ಲಿ ನಗರದ ಮಧ್ಯದ ಗುಡಿಸಲು ಕೆಡವಿ ಜನರನ್ನ ಇಂಥ ಗುಡ್ಡಗಳಿಗೆ ಸಾಗಿಸಿದ್ರು, ಬೊಂಗ್‌ಚೊನ್, ಶಿಲ್ಲಿಮ್ ಗುಡ್ಡಗಳ ತುದಿವರೆಗೂ ಮನೆ ಮೇಲೆ ಮನೆ ಎದ್ವು. ಕೊರಿಯಾದಲ್ಲಿ ಇಂಥ ಕಡೆಗೆ ಚಂದ್ರನ ಊರು ಅಂತಾರೆ, ಚಂದ್ರ ಅಷ್ಟು ಹತ್ರ ಕಾಣ್ತಾನೆ ಅಂತ. ಬೊಂಗ್‌ಚೊನ್ ಅನ್ನೋ ಹೆಸರಿಗೇ ಆಕಾಶ ಎತ್ತಿ ಹಿಡಿಯೋದು ಅಂತ ಅರ್ಥ, ಗ್ವಾನಾಕ್ ಬೆಟ್ಟದ ಎತ್ತರ ನೋಡಿ ಬಂದಿದ್ದು ಅಂತಾರೆ. ಆ ಮನೆಗಳೆಲ್ಲ ಕಾಡು ಜಮೀನಿನ ಮೇಲೆ, ಹಾಗಾಗಿ ಸಾನ್ ಅಂತ ಒಂದೇ ನಂಬರಲ್ಲಿ ನೂರಾರು ಮನೆ, ಕಾಗದ ಹಂಚೋ ಅಣ್ಣಂಗೆ ಮನೆಯವರ ಮುಖವೇ ಅಡ್ರೆಸ್. ಜನ ಜಾಸ್ತಿ ಆದ ಹಾಗೆ ಆಡಳಿತದ ದೊಂಗ್ ಒಡೀತಾ ಬೊಂಗ್‌ಚೊನ್ 1, ಬೊಂಗ್‌ಚೊನ್ 2 ಅಂತ ನಂಬರ್ ಬಿದ್ದು ಕೊನೆಗೆ ಮೂಲ ದೊಂಗ್ ಒಂದು ಪ್ಲಸ್ 11 ಆಯ್ತು, ಶಿಲ್ಲಿಮ್‌ದು ಮೂಲ ಪ್ಲಸ್ 13. ನಾಮ್‌ಹ್ಯೊನ್ ಸೇರಿ 27. ನೆಲದ ಲೆಕ್ಕದಲ್ಲಿ ಮಾತ್ರ ಆಗ್ಲೂ ಮೂರೇ.

2008ರಲ್ಲಿ ಕೆಲವನ್ನ ಕೂಡಿಸಿ 21 ಮಾಡಿದ್ರು, ಅದೇ ವರ್ಷ ನಂಬರ್ ಹೆಸರುಗಳನ್ನ ಕಿತ್ತು ಹೊಸ ಹೆಸರಿಟ್ರು. ಬೊಂಗ್‌ಚೊನ್ ಅಂದ್ರೆ ಬಡವರ ಗುಡ್ಡ ಅನ್ನೋ ಮಾತು ಕೇಳಿ ಕೇಳಿ ಅಲ್ಲಿನವರಿಗೆ ಸಾಕಾಗಿತ್ತು. ಬೊಂಗ್‌ಚೊನ್ 6 ಹೆಂಗ್‌ಉನ್ ಆಯ್ತು, ಅದೃಷ್ಟ ಅಂತ ಅರ್ಥ. 7 ನಾಕ್‌ಸೊಂಗ್‌ದೆ, 10 ಜುಂಗ್‌ಆಂಗ್, 11 ಇನ್‌ಹೊನ್, 3 ಚೊಂಗ್‌ನಿಮ್, 1 ಬೊರಾಮೆ, 2 ಮತ್ತೆ 5 ಸೇರಿ ಸೊಂಗ್‌ಹ್ಯೊನ್, 4 ಮತ್ತೆ 8 ಸೇರಿ ಚೊಂಗ್‌ನ್ಯೊಂಗ್, ಮೂಲ ದೊಂಗ್ ಮತ್ತೆ 9 ಸೇರಿ ಉನ್‌ಚೊನ್. ಇದರಲ್ಲಿ ಮೂರು ಹೆಸರು ಒಬ್ಬರೇ ಮನುಷ್ಯರ ಸುತ್ತ ಇವೆ. 1019ರಲ್ಲಿ ಖಿತಾನ್ ಸೈನ್ಯನ ಸೋಲಿಸಿದ ಕಾಂಗ್ ಗಾಮ್-ಚಾನ್ ಹುಟ್ಟಿದ್ದು ಇಲ್ಲೇ, 948ರಲ್ಲಿ, ಅವತ್ತು ರಾತ್ರಿ ಈ ಜಾಗದಲ್ಲಿ ನಕ್ಷತ್ರ ಬಿತ್ತು ಅಂತ ಕಥೆ, ನಾಕ್‌ಸೊಂಗ್‌ದೆ ಅಂದ್ರೆ ಅದೇ, ನಕ್ಷತ್ರ ಬಿದ್ದ ಜಾಗ. ಉನ್‌ಚೊನ್ ಅವರ ಚಿಕ್ಕವಯಸ್ಸಿನ ಹೆಸರು, ಇನ್‌ಹೊನ್ ಅವರು ತೀರಿಕೊಂಡ ಮೇಲೆ ಕೊಟ್ಟ ಬಿರುದು. ಹೊಸ ಹೆಸರು ಅಂದ ತಕ್ಷಣ ಬೇರಿಲ್ಲದ್ದು ಅನ್ಕೋಬಾರದು ಅಂತ ನನಗೆ ಅನಿಸಿದ್ದು ಇದನ್ನ ಓದಿದ ಮೇಲೆ.

ಎಲ್ಲಾ ಹೆಸರೂ ಸಲೀಸಾಗಿ ಆಗ್ಲಿಲ್ಲ. ಶಿಲ್ಲಿಮ್ ಕಡೆ ಎರಡು ದೊಂಗ್‌ಗೆ ಸಾಮ್‌ಸೊಂಗ್, ಶಿನ್ಸಾ ಅಂತ ಇಟ್ರು, ಗಾಂಗ್‌ನಾಮ್-ಗು ಅವ್ರು ಅವೆರಡೂ ನಮ್ಮ ಹೆಸರು ಅಂತ ಎದ್ರು. ಬೊರಾಮೆ ಅನ್ನೋ ಹೆಸರಿನ ಪಾರ್ಕ್ ಪಕ್ಕದ ದೊಂಗ್‌ಜಾಕ್-ಗುನಲ್ಲಿದೆ, ಅವ್ರೂ ಎದ್ರು. ಸಂವಿಧಾನ ಕೋರ್ಟ್‌ವರೆಗೂ ಹೋಯ್ತು. 2009ರಲ್ಲಿ ಗ್ವಾನಾಕ್ ಕಡೆನೇ ಉಳೀತು, ಆಡಳಿತದ ದೊಂಗ್ ಹೆಸರಿನ ಮೇಲೆ ಒಂದು ಗುಗೆ ಮಾತ್ರ ಅಂತ ಹಕ್ಕಿಲ್ಲ ಅನ್ನೋದು ಅದರ ತಿರುಳು. ಗ್ವಾನಾಕ್‌ನ ಸಾಮ್‌ಸೊಂಗ್ ಬಂದಿದ್ದು ಅಲ್ಲಿನ ಸಾಮ್‌ಸೊಂಗ್ ಬೆಟ್ಟದಿಂದ, ಮೂರು ಹಳ್ಳಿ ಸೇರಿಸಿದ್ದಕ್ಕಲ್ಲ. ಶಿನ್ಸಾ ಅಂತೂ ಉನ್‌ಪ್ಯೊಂಗ್-ಗುನಲ್ಲೂ ಒಂದಿದೆ. ಟ್ಯಾಕ್ಸಿ ಹತ್ತೋವಾಗ ಕೂಡ ಗು ಹೆಸರು ಹೇಳೋದು ಒಳ್ಳೇದು.

ಈಗ ಕಾಗದ ಎಲ್ಲಿ ಹುಡುಕೋದು. ಮೊದಲು ನಿಮ್ಮ ಗು ಆಫೀಸ್ ವೆಬ್‌ಸೈಟ್‌ಗೆ ಹೋಗಿ, ದೊಂಗ್ ಯುರೆ ಅಂತ ಒಂದು ಪುಟ ಹೆಚ್ಚುಕಡಿಮೆ ಎಲ್ಲಾ ಗುನಲ್ಲೂ ಇರತ್ತೆ, ದೊಂಗ್ ಹೆಸರಿನ ಮೂಲ ಅಂತ ಅರ್ಥ. ಅದನ್ನ ಓದಿ, ಆದ್ರೆ ಅದೊಂದನ್ನೇ ನಂಬ್ಕೊಂಡು ಕೂರ್ಬೇಡಿ, ದಂತಕಥೆ ಮತ್ತೆ ದಾಖಲೆ ಅದರಲ್ಲಿ ಒಟ್ಟಿಗೇ ಕುದ್ದಿರತ್ತೆ. ತಾರೀಕು ಇರೋ ವಾಕ್ಯಗಳನ್ನ ನೋಟ್‌ಬುಕ್‌ಗೆ ಹಾಕಿ, ಕಥೆಗಳನ್ನ ಬೇರೆ ಹಾಳೇಲಿ ಇಡಿ. ಆಡಳಿತದ ದೊಂಗ್ ಹೆಸರು, ಗಡಿ ಎಲ್ಲಾ ಗುನ ಆರ್ಡಿನೆನ್ಸ್ ಪ್ರಕಾರ ಆಗೋದು, ಕೊರಿಯನ್‌ನಲ್ಲಿ ಜೊರ್ಯೆ ಅಂತಾರೆ, ಸ್ಥಳೀಯ ಕಾನೂನುಗಳ ಸರ್ಕಾರಿ ಸೈಟಲ್ಲಿ ತಿದ್ದುಪಡಿ ಸಮೇತ ಸಿಗತ್ತೆ. ಯಾವ ದೊಂಗ್ ಯಾವ ಜಿಬೊನ್‌ನಿಂದ ಯಾವ ಜಿಬೊನ್‌ವರೆಗೆ ಅಂತ ಅಲ್ಲಿ ನೋಡಿ, ಅದು ಪಕ್ಕಾ. ಸಿಯೋಲ್ ನಗರದ್ದೇ ಇತಿಹಾಸ ಬರೆಸೋ ಸಂಸ್ಥೆ ಒಂದಿದೆ, ಅವ್ರ ಪುಸ್ತಕಗಳು ಆನ್‌ಲೈನಲ್ಲಿ ಫ್ರೀಯಾಗಿ ಓದೋಕೆ ಸಿಗತ್ತೆ.

ಜಮೀನಿನ ಕಡೆಯಿಂದ ತೊಜಿ-ದೆಜಾಂಗ್ ಅನ್ನೋ ಪುಸ್ತಕದ ಪ್ರತಿ ತಗೋಬಹುದು, ಸರ್ಕಾರದ ಆನ್‌ಲೈನ್ ಪೋರ್ಟಲಲ್ಲೇ, ಭಾಗ ಆಗಿದ್ದು, ಕೂಡಿಸಿದ್ದು, ಬಳಕೆ ಬದಲಾಗಿದ್ದು ಅದರಲ್ಲಿ ತಾರೀಕು ಸಮೇತ ಇರತ್ತೆ. ಅಪಾರ್ಟ್‌ಮೆಂಟಲ್ಲಿ ಇದ್ದೀರಾ ಅಂದ್ರೆ ಕಷ್ಟ ಸ್ವಲ್ಪ ಜಾಸ್ತಿ. ಹಳೇ ಗುಡ್ಡದ ಮನೆಗಳನ್ನ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಹಳೇ ಜಿಬೊನ್‌ಗಳೆಲ್ಲ ಮುಚ್ಚಿ ಇಡೀ ಜಾಗಕ್ಕೆ ಹೊಸ ನಂಬರ್ ಕೊಟ್ಟಿರ್ತಾರೆ, ಆಗ ಗು ಆಫೀಸಲ್ಲಿ ಮುಚ್ಚಿದ ನಕ್ಷೆ, ಮುಚ್ಚಿದ ಪುಸ್ತಕ ಬೇಕು ಅಂತ ಕೇಳ್ಬೇಕು. 'ಪ್ಯೇಸ್ವೆ' ಅನ್ನೋ ಶಬ್ದ ನೆನಪಿಟ್ಕೊಳ್ಳಿ, ಮುಚ್ಚಿದ್ದು ಅಂತ. ಅದರ ಮೇಲೆ ಸಿಯೋಲ್ ನಗರದ ಹಳೇ ಏರಿಯಲ್ ಫೋಟೋ ಸೈಟಲ್ಲಿ ಎಪ್ಪತ್ತರ ದಶಕದ ಫೋಟೋ ತೆಗ್ದು ಪಕ್ಕದಲ್ಲಿ ಇಟ್ರೆ ಯಾವ ಗಲ್ಲಿ ಮೇಲೆ ಈಗ ಯಾವ ಟವರ್ ನಿಂತಿದೆ ಅಂತ ಕಣ್ಣಿಗೆ ಕಾಣತ್ತೆ.

1914ಕ್ಕಿಂತ ಹಿಂದೆ ಹೋಗ್ಬೇಕು ಅಂದ್ರೆ ಹಳೇ ನಕ್ಷೆ. ಕಿಮ್ ಜೊಂಗ್-ಹೊ 1861ರಲ್ಲಿ ಮಾಡಿದ ದೊಡ್ಡ ನಕ್ಷೆ ಎಲ್ರಿಗೂ ಗೊತ್ತು, ಆದ್ರೆ ಒಂದು ಹಳ್ಳಿ ಹುಡುಕೋಕೆ 1872ರ ಜಿಲ್ಲಾ ನಕ್ಷೆಗಳು ಜಾಸ್ತಿ ಉಪಯೋಗ, ಸಿಯೋಲ್ ನ್ಯಾಷನಲ್ ಯೂನಿವರ್ಸಿಟಿಯ ಗ್ಯುಜಾಂಗ್‌ಗಾಕ್ ಅನ್ನೋ ಹಳೇ ದಾಖಲೆ ಭಂಡಾರದಲ್ಲಿವೆ, ಸ್ಕ್ಯಾನ್ ಮಾಡಿ ಹಾಕಿದಾರೆ. ಎಲ್ಲಾ ಚೀನಿ ಅಕ್ಷರದಲ್ಲಿ. ಹಾಗಾಗಿ ನಿಮ್ಮ ದೊಂಗ್ ಹೆಸರಿನ ಎರಡು ಚೀನಿ ಅಕ್ಷರ ಬರೆಯೋಕೆ ಬರದಿದ್ರೂ ಗುರುತು ಹಿಡಿಯೋಕಾದ್ರೂ ಕಲೀರಿ, ಒಂದು ಸಂಜೆ ಸಾಕು.

ಹಳೇ ಪತ್ರಿಕೆ ಬಗ್ಗೆ ಒಂದು ಎಚ್ಚರಿಕೆ, ಇದರಲ್ಲಿ ನನ್ನ ಎಷ್ಟೋ ರಾತ್ರಿಗಳು ಹೋಗಿವೆ. ನಾವರ್‌ನಲ್ಲಿ 1920ರಿಂದ 1999ರವರೆಗಿನ ಪತ್ರಿಕೆ ಸ್ಕ್ಯಾನ್ ಇದೆ, ಬಂಗಾರದಂಥದ್ದು. ಅದರಲ್ಲಿ ಬೊಂಗ್‌ಚೊನ್ ಅಂತ ಹುಡುಕಿದ್ರೆ ರಾಶಿ ರಾಶಿ ಬರತ್ತೆ, ಯುದ್ಧ, ರೈಲು, ಸೈನ್ಯ, ವ್ಯಾಪಾರ. ಈ ಪುಟ್ಟ ಹಳ್ಳೀಲಿ ಇಷ್ಟೆಲ್ಲ ಆಯ್ತಾ ಅಂತ ನೋಡಿದ್ರೆ ಅದು ಈ ಬೊಂಗ್‌ಚೊನ್ ಅಲ್ಲ, ಮಂಚೂರಿಯಾದ ದೊಡ್ಡ ಪಟ್ಟಣ, ಈಗಿನ ಶೆನ್ಯಾಂಗ್. ಆಗ ಅದರ ಹೆಸರನ್ನ ಕೊರಿಯನ್ನರು ಬೊಂಗ್‌ಚೊನ್ ಅಂತಾನೇ ಓದ್ತಿದ್ರು, ಚೀನಿ ಅಕ್ಷರ ಕೂಡ ಅದೇ ಎರಡು. ಹಾಗಾಗಿ ಒಂಟಿ ಹೆಸರು ಹಾಕ್ಬೇಡಿ, ಜೊತೆಗೆ ಆ ಕಾಲದ ಮೇಲಿನ ಹೆಸರು ಸೇರಿಸಿ. 1962ರವರೆಗೆ ಶಿಹುಂಗ್-ಗುನ್ ದೊಂಗ್-ಮ್ಯೊನ್, 1963ರಿಂದ 73ರವರೆಗೆ ಯೊಂಗ್‌ದುಂಗ್‌ಪೊ-ಗು, ಆಮೇಲೆ ಗ್ವಾನಾಕ್-ಗು.

ಶಿಹುಂಗ್ ಅನ್ನೋದೂ ಇನ್ನೊಂದು ಗುಂಡಿ. ಇವತ್ತು ಶಿಹುಂಗ್ ಅಂತ ಒಂದು ಸಿಟಿ ಇದೆ, ಸಮುದ್ರದ ಕಡೆ, ಅದು 1989ರಲ್ಲಿ ಶಿಹುಂಗ್-ಗುನ್ ರದ್ದಾಗಿ ಹಂಚಿಹೋದಾಗ ಆಗಿದ್ದು. ಹಳೇ ಶಿಹುಂಗ್‌ನ ಮೂಲ ಊರು ಅಲ್ಲಿಲ್ಲ, ಸಿಯೋಲ್ ಒಳಗೇ ಶಿಹುಂಗ್-ದೊಂಗ್ ಅಂತಿದೆಯಲ್ಲ, ಅದು. ಆ ಶಿಹುಂಗ್-ದೊಂಗ್ ಇರೋ ಗು ಯಾವುದು ಗೊತ್ತಾ, ಗುಮ್‌ಚೊನ್-ಗು. 1795ರಲ್ಲಿ ಹೋದ ಗುಮ್‌ಚೊನ್ ಹೆಸರು 1995ರಲ್ಲಿ ಹೊಸ ಗು ಮಾಡಿದಾಗ ವಾಪಸ್ ಬಂತು, ಸರಿಯಾಗಿ ಇನ್ನೂರು ವರ್ಷಕ್ಕೆ.

ಜನರ ಬಾಯಿನೂ ದಾಖಲೆನೇ, ಅದನ್ನ ಕೊನೇಗೆ ಇಟ್ಕೊಳ್ಳಿ, ನಿಮ್ಮ ಹತ್ರ ತಾರೀಕುಗಳು ಇದ್ದಾಗ ಕೇಳೋ ಪ್ರಶ್ನೆ ಚೆನ್ನಾಗಿರತ್ತೆ. ಐವತ್ತು ದಾಟಿದವರು ಇವತ್ತಿಗೂ ದೆಹಾಕ್-ದೊಂಗ್ ಅನ್ನಲ್ಲ, ಶಿಲ್ಲಿಮ್ 9 ಅಂತಾರೆ, ಲಾಯರ್ ಪರೀಕ್ಷೆಗೆ ಓದೋರ ಪುಟಾಣಿ ರೂಮುಗಳ ಊರು ಅದು, ಆ ಪರೀಕ್ಷೆ 2017ಕ್ಕೆ ನಿಂತೇ ಹೋಯ್ತು, ಹೆಸರೂ ಹೋಯ್ತು, ಕರೆಯೋದು ಹೋಗಿಲ್ಲ. ಬೊಂಗ್‌ಚೊನ್ ಹೆಸರಿನ ಆಫೀಸ್ ಇಲ್ದಿದ್ರೂ ಎರಡನೇ ಲೈನ್ ಮೆಟ್ರೋ ಸ್ಟೇಷನ್ ಆ ಹೆಸರಲ್ಲೇ ಇದೆ.

ಹಳೇ ನಿವಾಸಿಗಳ ಹತ್ರ ಚೊಬೊನ್ ಅಂತ ಒಂದು ಕಾಗದ ಇರತ್ತೆ, ಅವರವರದ್ದು ಅವ್ರು ದೊಂಗ್ ಆಫೀಸಲ್ಲಿ ತಗೋಬಹುದು, ಹಿಂದೆ ಇದ್ದ ಅಡ್ರೆಸ್ಸುಗಳು ಸಾಲಾಗಿ, ಯಾಕೆ ಬದಲಾಯ್ತು ಅನ್ನೋ ಕಾರಣದ ಜೊತೆ. ನಮ್ಮ ಮನೆ ಓನರ್ ಅಜ್ಜಿ ಮದುವೆ ಆಗಿ ಈ ಮನೆಗೆ ಬಂದಾಗ ಇದು ಯೊಂಗ್‌ದುಂಗ್‌ಪೊ-ಗು. ನನ್ನ ನೋಟ್‌ಬುಕ್ ತೋರಿಸಿ ವಿಷಯ ಹೇಳಿದ ಮೇಲೆ ಅವರೇ ತಮ್ಮ ಚೊಬೊನ್ ತಂದು ಟೇಬಲ್ ಮೇಲೆ ಬಿಡಿಸಿದ್ರು. ಒಂದು ಸಾಲಲ್ಲಿ ಯೊಂಗ್‌ದುಂಗ್‌ಪೊ, ಕೆಳಗೆ ಗ್ವಾನಾಕ್, ಕಾರಣ ಆಡಳಿತ ಗಡಿ ಬದಲಾವಣೆ, ಇನ್ನೂ ಕೆಳಗೆ ರಸ್ತೆ ಹೆಸರಿನ ಅಡ್ರೆಸ್. ಅಜ್ಜಿ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು 'ಇದೂ ಇದೇ ಮನೆ, ಇದೂ ಇದೇ ಮನೆ' ಅಂತ ಹೇಳ್ತಾ ಬಂದ್ರು. ಇಂಥ ಕಾಗದ ನಿಮಗೆ ಯಾರಾದ್ರೂ ತೋರಿಸಿದ್ರೆ ಫೋಟೋ ತೆಗೀಬೇಡಿ, ಹೆಸರು, ಮನೆ ನಂಬರ್ ಬರ್ಕೋಬೇಡಿ, ವರ್ಷ ಮತ್ತೆ ಕಾರಣದ ಕಾಲಂ ಮಾತ್ರ ನೋಡಿ ಬರ್ಕೊಂಡು ಕಾಗದ ಅಲ್ಲೇ ಅವರ ಕೈಗೆ ವಾಪಸ್ ಕೊಡಿ.